ಮದ್ಯ ಮುಟ್ಟದವರಿಗೂ ಫ್ಯಾಟಿ ಲಿವರ್
ಕರೂರು ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ, ಮಿರ್ಚಿ-ಮಂಡಕ್ಕಿ, ಸಿಹಿ ಚಹಾ ಸೇವಿಸಿ ಮಲಗುವವರು ನೀವಾಗಿದ್ದರೆ ಗಮನಿಸಿ: ಮದ್ಯ ಮುಟ್ಟದವರ ಯಕೃತ್ತಿನಲ್ಲೂ ಕೊಬ್ಬು ಶೇಖರವಾಗುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ ಇದರ ಮುಖ್ಯ ಕಾರಣಗಳು. ಪಿಎನ್‌ಪಿಎಲ್‌ಎ3 ವಂಶವಾಹಿಯ ಒಂದು ರೂಪವೂ ಅಪಾಯ ಹೆಚ್ಚಿಸುತ್ತದೆ.

ಹಾಗೆಂದು ಇದು ಹಣೆಬರಹವಲ್ಲ. ವಂಶವಾಹಿಗಳಿಗೆ ಮಿಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳು ಅಂಟಿಕೊಂಡಿರುತ್ತವೆ. ಯಾವ ವಂಶವಾಹಿ ಎಷ್ಟು ಕೆಲಸ ಮಾಡಬೇಕೆಂಬುದರಲ್ಲಿ ಇವುಗಳ ಪಾತ್ರವಿದೆ. ಬೊಜ್ಜಿನ ಶಸ್ತ್ರಚಿಕಿತ್ಸೆಯಿಂದ ತೂಕ ಇಳಿದವರ ಯಕೃತ್ತಿನಲ್ಲಿ ಇಂಥ ಕೆಲವು ಗುರುತುಗಳು ಬದಲಾದದ್ದು ಕಂಡುಬಂದಿದೆ.

ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕಿಲ್ಲ. ಕರಿದದ್ದು, ಸಕ್ಕರೆ ಕಡಿಮೆ ಮಾಡಿ. ದಿನವೂ 30 ನಿಮಿಷ ಬಿರುಸಾಗಿ ನಡೆಯಿರಿ. ಬೊಜ್ಜಿದ್ದವರ ತೂಕ ಶೇ. 7ರಿಂದ 10ರಷ್ಟು ಇಳಿದರೆ ಯಕೃತ್ತಿನ ಕೊಬ್ಬು, ಉರಿಯೂತ ತಗ್ಗುತ್ತವೆ. ವೈದ್ಯರ ಸಲಹೆ ಪಡೆಯಿರಿ. ಮನೆಯವರೇ, ರೋಗಿಯನ್ನು ಕುಡುಕನೆಂದು ಶಂಕಿಸಬೇಡಿ. ಅಡುಗೆ ಬದಲಿಸಿ ಜೊತೆ ನೀಡಿ.