ಕೆಲಸವೂ ಒಂದು ಮದ್ದು

ಚಿತ್ತಾಪುರ, ಶಹಾಬಾದ್ ಕಡೆಯ ಗಣಿಯಲ್ಲಿ ಇಪ್ಪತ್ತು ವರ್ಷ ಫರಸಿಕಲ್ಲು ಎಬ್ಬಿಸಿದ ಯಜಮಾನನೊಬ್ಬನಿಗೆ ಲಕ್ವ ಹೊಡೆಯಿತೆಂದುಕೊಳ್ಳಿ. ಆಸ್ಪತ್ರೆಯಿಂದ ಬಂದ ಮೇಲೆ ಹೆಂಡತಿ ತುತ್ತು ಮಾಡಿ ಉಣಿಸುತ್ತಾಳೆ, ಮಗ ಅಂಗಿ ತೊಡಿಸುತ್ತಾನೆ. ಪ್ರೀತಿಯೇನೋ ಸರಿ. ಆದರೆ ಬಳಸದ ಕೈಯನ್ನು ಮಿದುಳು ಮರೆಯುತ್ತ ಹೋಗುತ್ತದೆ. ಆರೈಕೆಗಾಗಿ ಹೆಂಡತಿ ಕೂಲಿ ಬಿಡುತ್ತಾಳೆ, ಮಗಳು ಶಾಲೆ ಬಿಡುತ್ತಾಳೆ. ಕಾಯಿಲೆ ಒಬ್ಬನಿಗೆ; ದಿನಚರಿ ಮುರಿಯುವುದು ಎಲ್ಲರದು.

ಕೆಲಸವೆಂದರೆ ಸಂಬಳದ ದುಡಿಮೆ ಮಾತ್ರವಲ್ಲ. ಸ್ನಾನ, ಪೂಜೆ, ನಮಾಜು, ರೊಟ್ಟಿ ಬಡಿಯುವುದು, ಕಟ್ಟೆಯ ಹರಟೆ – ದಿನವನ್ನು ತುಂಬುವುದೆಲ್ಲ ಕೆಲಸವೇ. ಇದನ್ನೇ ಮದ್ದಾಗಿ ಬಳಸುವ ಶಾಸ್ತ್ರ ಆಕ್ಯುಪೇಷನಲ್ ಥೆರಪಿ. 1950ರಲ್ಲಿ ಕಮಲಾ ನಿಂಬಕರ್ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ತರಬೇತಿ ಶಾಲೆ ತೆರೆದರು. ಇಚ್ಛೆ, ರೂಢಿ, ಸಾಮರ್ಥ್ಯ, ಪರಿಸರ ಇವು ಒಂದಕ್ಕೊಂದು ಹೆಣೆದುಕೊಂಡಿವೆ ಎಂದು 1980ರಲ್ಲಿ ಅಮೆರಿಕದ ಗ್ಯಾರಿ ಕೀಲ್‌ಹಾಫ್ನರ್ ಮತ್ತು ಸಂಗಡಿಗರು ವಿವರಿಸಿದರು.

ಈ ಹೆಣಿಗೆಯನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡಬಹುದು. ಮನೆಯ ಒಬ್ಬೊಬ್ಬರನ್ನೂ ಪಗಡೆಯ ಕಾಯಿಯಂತೆ ಇಟ್ಟು ಚಿಕ್ಕ ನಿಯಮ ಕೊಡುವುದು: ದಣಿದರೆ ನಿಲ್ಲು, ಇನ್ನೊಬ್ಬರು ಮಾಡಿಕೊಟ್ಟರೆ ಸುಮ್ಮನಿರು, ಕೈಗೂಡಿದ್ದನ್ನು ನಾಳೆಯೂ ಮಾಡು. ನೂರಾರು ದಿನ ಕ್ಷಣದಲ್ಲಿ ಉರುಳುತ್ತವೆ. ಯಾವ ನಿಯಮದಲ್ಲೂ ಬರೆಯದ ಫಲ ಕೊನೆಗೆ ಕಾಣಿಸಿಕೊಳ್ಳಬಹುದು. ಅಕ್ಕಪಕ್ಕ ತಮ್ಮವರು ಸ್ವಲ್ಪ ಇರಲೆಂಬ ಸಣ್ಣ ಆಸೆಯೇ ಇಡೀ ಊರನ್ನು ಬೇರೆ ಬೇರೆ ಕೇರಿಗಳಾಗಿ ಒಡೆಯಬಲ್ಲದೆಂದು ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ 1971ರಲ್ಲಿ ಇಂಥದೇ ಮಾದರಿಯಿಂದ ತೋರಿಸಿದ್ದರು. ಮನೆಯೂ ಹಾಗೆಯೇ. 'ನೀ ಸುಮ್ಮನಿರು, ನಾ ಮಾಡ್ತೀನಿ' ಎಂಬ ಒಂದೇ ಮಾತು ದಿನದಿನಕ್ಕೂ ಬೆಳೆದು ಒಬ್ಬನನ್ನು ಮೂಲೆಗೆ ಕೂರಿಸಬಲ್ಲದು.

ಕಂಪ್ಯೂಟರು ವೈದ್ಯನಲ್ಲ, ನಿಮ್ಮ ತಂದೆ ಎಂದು ಗುಣವಾಗುತ್ತಾರೆಂದು ಅದು ಹೇಳದು. ಆದರೆ ಯಾವ ನಿಯಮ ಬದಲಿಸಿದರೆ ಮನೆ ಚೇತರಿಸೀತೆಂದು ಯೋಚಿಸಲು ಕಲಿಸುತ್ತದೆ.

ಮನೆಯವರಿಗೆ ಕೆಲವು ಸಲಹೆಗಳು:

* ದಿನಕ್ಕೊಂದು ಸಣ್ಣ ಕೆಲಸ ರೋಗಿಗೇ ಬಿಡಿ. ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿದರೂ ಕಾಯಿರಿ.

* ಮೊರದಲ್ಲಿ ತೊಗರಿಬೇಳೆ ಆರಿಸಲು ಕೊಡಿ. ಸೋತ ಕೈಯೂ ಮೊರ ಹಿಡಿಯಲಿ.

* ಸಂಜೆ ಕಟ್ಟೆಗೆ ಕರೆದೊಯ್ಯಿರಿ.

* ಒಲೆ, ಕತ್ತಿ, ಬಾವಿಯಿಂದ ದೂರವಿಡಿ. ಸೋತ ತೋಳು ಹಿಡಿದು ಎಳೆಯಬೇಡಿ. ಯಾವ ಕೆಲಸ ಕೊಡಬಹುದೆಂದು ವೈದ್ಯರನ್ನು ಕೇಳಿಕೊಳ್ಳಿ.

* ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಮನೆಮದ್ದು ಬೇಡ, ಕೂಡಲೇ ಆಸ್ಪತ್ರೆ.

ಅಪ್ಪ ತಾನೇ ಉಣ್ಣಲು ಕಲಿತ ದಿನ ಅಮ್ಮನಿಗೆ ಒಂದು ಗಳಿಗೆ ಬಿಡುವು ಸಿಗುತ್ತದೆ. ಆ ಬಿಡುವೇ ಬೆಳೆದು ಮಗಳನ್ನು ಮತ್ತೆ ಶಾಲೆಗೆ ಕಳಿಸೀತು.