ಅಗೋನ್ ಮತ್ತು ಕಣ: ಒಂದು ಪದವಿಚಾರ

ಪ್ರಾಚೀನ ಗ್ರೀಕ್ ಭಾಷೆಯ ‘ಅಗೋನ್’ ಪದವನ್ನು ‘ಸ್ಪರ್ಧೆ’ ಎಂದಷ್ಟೇ ಅನುವಾದಿಸಿದರೆ ಅದರ ಅರ್ಥದ ಒಂದು ಭಾಗ ಮಾತ್ರ ದಕ್ಕುತ್ತದೆ. ‘ಕರೆತರು’ ಎಂಬರ್ಥದ ಧಾತುವಿನಿಂದ ಬಂದ ಈ ಪದಕ್ಕೆ ಹೋಮರನಲ್ಲಿ ಕೂಟ, ಕೂಟ ಸೇರುವ ಬಯಲು ಎಂಬ ಅರ್ಥಗಳಿವೆ. ಅಲ್ಲಿ ನಡೆದ ಪಂದ್ಯಕ್ಕೂ ಅದೇ ಹೆಸರು ಸಂದಿತು. ಒಲಿಂಪಿಯದ ಕ್ರೀಡೆ, ಆಥೆನ್ಸಿನ ನ್ಯಾಯಾಲಯದ ವ್ಯಾಜ್ಯ, ನಾಟಕದ ವಾಗ್ವಾದ ಇವೆಲ್ಲವೂ ಅಗೋನ್. ಅದರಿಂದ ಹುಟ್ಟಿದ ‘ಅಗೋನಿಯ’ ಮನಸ್ಸಿನ ತಳಮಳವನ್ನೂ ಸೂಚಿಸಿತು.

ಕನ್ನಡದಲ್ಲಿ ಇದಕ್ಕೆ ಸಮೀಪವಾದುದು ‘ಕಣ’. ತೆನೆ ಒಕ್ಕುವ ನೆಲಕ್ಕೆ ಈ ಹೆಸರು. ಹಳಗನ್ನಡದ ‘ಕಳ’ ಒಕ್ಕುವ ನೆಲವೂ ಹೌದು, ರಣರಂಗವೂ ಹೌದು. ಇಂದು ಕುಸ್ತಿಗೂ ಚುನಾವಣೆಗೂ ಕಣವಿದೆ. ಆದರೆ ಕಣವು ಸ್ಥಳವಾಚಕವಾಗಿಯೇ ಉಳಿಯಿತು. ಅಗೋನ್ ಹೋರಾಟವನ್ನೇ ಹೆಸರಿಸಿ, ಅಂತರಂಗವನ್ನೂ ಹೊಕ್ಕಿತು.

ಬಿ.ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ (1929) ನಾಟಕಕ್ಕೆ ಆಧಾರವಾದ ಸೊಫೊಕ್ಲಿಸನ ‘ಅಯಾಸ್’ನಲ್ಲಿ ಈ ಅರ್ಥಸ್ತರಗಳು ಒಂದೆಡೆ ಕಾಣುತ್ತವೆ: ಅಕಿಲೀಸನ ಆಯುಧಗಳಿಗಾಗಿ ನಡೆದ ಪೈಪೋಟಿ, ಅದರ ತೀರ್ಪು, ಸೋತ ವೀರನ ಯಾತನೆ, ಅವನ ಶವಸಂಸ್ಕಾರವನ್ನು ಕುರಿತ ವಾಗ್ವಾದ. ಇಂಥ ಕೃತಿಗಳ ವಿವೇಚನೆಯಲ್ಲಿ ಒಂದೇ ಪರ್ಯಾಯಪದಕ್ಕೆ ಕಟ್ಟುಬೀಳದೆ, ಸಂದರ್ಭಾನುಸಾರ ಕೂಟ, ಪಂದ್ಯ, ವ್ಯಾಜ್ಯ, ತಳಮಳಗಳನ್ನು ಬಿಡಿಸಿ ಹೇಳುವುದೇ ಸೂಕ್ತ.