ಗೃಹಸ್ಥರಿಗೂ ಹೇಳಿದ ಮರಣಸ್ಮರಣೆ

ಬೌದ್ಧರ ಪಾಲಿ ತ್ರಿಪಿಟಕದಲ್ಲಿ, ಬೋಧನೆಗಳನ್ನು ಸಂಖ್ಯಾಕ್ರಮದಲ್ಲಿ ಜೋಡಿಸಿರುವ ಅಂಗುತ್ತರ ನಿಕಾಯವೆಂಬ ಭಾಗದಲ್ಲಿ, ಸ್ತ್ರೀಪುರುಷರು, ಗೃಹಸ್ಥರು, ಸಂನ್ಯಾಸಿಗಳು ಎಲ್ಲರೂ ಮತ್ತೆ ಮತ್ತೆ ಮನನ ಮಾಡಬೇಕಾದ 5 ಸಂಗತಿಗಳನ್ನು ಬುದ್ಧನು ಹೇಳುತ್ತಾನೆ: ಮುಪ್ಪು, ರೋಗ, ಮರಣಗಳು ಯಾರಿಗೂ ತಪ್ಪಿದ್ದಲ್ಲ, ಪ್ರಿಯವಾದುದೆಲ್ಲ ಒಂದು ದಿನ ಅಗಲುತ್ತದೆ, ಮನುಷ್ಯನು ತನ್ನ ಕರ್ಮಕ್ಕೆ, ಎಂದರೆ ಸಂಕಲ್ಪಪೂರ್ವಕವಾದ ನಡೆನುಡಿ ಯೋಚನೆಗಳಿಗೆ, ತಾನೇ ವಾರಸುದಾರ. ಅದೇ ನಿಕಾಯದಲ್ಲಿ ಮರಣಸತಿ, ಅಂದರೆ ಸಾವಿನ ಸ್ಮರಣೆ, ಕುರಿತ ಉಪದೇಶವೊಂದಿದ್ದು, ಇನ್ನೊಂದು ದಿನವಾದರೂ ಬದುಕಿದರೆ ಸಾಕೆಂದು ಭಾವಿಸುವ ಭಿಕ್ಷುವನ್ನೂ ಬುದ್ಧನು ಮೈಮರೆತವರ ಸಾಲಿಗೆ ಸೇರಿಸಿ, ಒಂದು ತುತ್ತು ಅಗಿದು ನುಂಗುವಷ್ಟು ಅಥವಾ ಒಂದು ಉಸಿರಿನಷ್ಟು ಕಾಲವನ್ನು ಮಾತ್ರ ಎಣಿಸುವವನನ್ನು ಎಚ್ಚರವುಳ್ಳವನೆನ್ನುತ್ತಾನೆ. ಇದು ಖಂಡಿತ ನಿರಾಶಾವಾದವಲ್ಲ; ಯೌವನದ, ಆರೋಗ್ಯದ, ಆಯುಷ್ಯದ ಮದ ಇಳಿದರೆ ದುರ್ನಡತೆ ತಗ್ಗುತ್ತದೆಂಬುದೇ ಇಲ್ಲಿನ ತರ್ಕ. ಕಾಡಿಗೆ ಹೋಗದೆಯೂ, ಊಟಕ್ಕೆ ಕುಳಿತಾಗಿನ ಮೊದಲ ತುತ್ತಿನಿಂದಲೇ ಓದುಗರು ಈ ಮನನವನ್ನು ಆರಂಭಿಸಬಹುದು.